ಹತ್ತನೇ ವಾರಕ್ಕೂ ಹೊಸ ವೈನ್ ಬರೀ ಒಗರು: ಈ ಸಾಲಿನದು ಕೆಟ್ಟಿತೇ, ಕಾಯಬೇಕೇ?

ಬಳ್ಳಿಬುಡ

ಎಲ್ಲರಿಗೂ ನಮಸ್ಕಾರ. ದ್ರಾಕ್ಷಿ ಬಳ್ಳಿ ನೆಟ್ಟು ಐದು ವರ್ಷ ಆಯ್ತು. ಇಷ್ಟು ದಿನ ಹಣ್ಣು ಮಾರುತ್ತಿದ್ದೆ, ಈ ಸಲ ಮೊದಲ ಬಾರಿಗೆ ನಾನೇ ವೈನ್ ಮಾಡಿದ್ದೇನೆ. ಕೆಂಪು, ಕ್ಯಾಬರ್ನೆ ಸೋವಿನ್ಯೋಂ, ಒಂದೇ ತಳಿ. ತೋಟದಲ್ಲಿ ಎರಡು ತುಂಡು. ಮೇಲಿನದು ಕಲ್ಲುನೆಲ, ಗೊಂಚಲೂ ಸಣ್ಣ, ಕಾಯಿಯೂ ಸಣ್ಣ. ಕೆಳಗಿನದರಲ್ಲಿ ಮಣ್ಣು ಆಳ, ಬೆಳೆ ಜಾಸ್ತಿ. ಮೇಲಿನದನ್ನು ಮಳೆಗೆ ಮುಂಚೆಯೇ ಕೊಯ್ದೆ: ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 23.8, ಪಿಎಚ್ 3.42, ಒಟ್ಟು ಹುಳಿ ಲೀಟರಿಗೆ 7.6 ಗ್ರಾಂ. ಕೆಳಗಿನದಕ್ಕೆ ಎರಡು ದಿನ ಮಳೆ ಹೊಡೆಯಿತು. ನಾಲ್ಕು ದಿನ ಬಿಟ್ಟು ಕೊಯ್ದೆ, ಬ್ರಿಕ್ಸ್ 21.9. ಎರಡನ್ನೂ ಬೇರೆ ಬೇರೆ ಟ್ಯಾಂಕಿನಲ್ಲೇ ಹುದುಗಿಸಿದೆ. ಸಿಪ್ಪೆ ಹಿಂಡಿ ಬಂದದ್ದು ಮೂರನೇ ಪಾತ್ರೆಯಲ್ಲಿದೆ.

ಈಗ ಹತ್ತು ವಾರ. ಹೈಡ್ರೋಮೀಟರ್ 0.994ಕ್ಕೆ ಬಂದು ನಿಂತು ಬಹಳ ದಿನವಾಯ್ತು, ಅಂದರೆ ಸಕ್ಕರೆ ಹುದುಗಿ ಮುಗಿದಿದೆ. ನಿನ್ನೆ ಸಂಜೆ ಮೂರನ್ನೂ ಕುಡಿದು ನೋಡಿದೆ. ಕೆಳಗಿನ ತುಂಡಿನದು ಮೆತ್ತಗೆ, ಹಣ್ಣಿನ ಘಮ ಚೆನ್ನಾಗಿದೆ, ಮನೆಯವರಿಗೂ ಅದೇ ಇಷ್ಟವಾಯ್ತು. ಮೇಲಿನದು ಬಾಯಿಗಿಟ್ಟರೆ ನಾಲಿಗೆ ಚುರುಗುಟ್ಟುತ್ತದೆ, ಹುಳಿ ಹಲ್ಲಿಗೆ ತಾಗುತ್ತದೆ, ಒಸಡು ಬಿಗಿದುಕೊಳ್ಳುತ್ತದೆ. ಮೂಗಿಗೆ ಹಣ್ಣು ಸಿಗಲಿಲ್ಲ, ಹಿಟ್ಟು ಹುದುಗಿದ ವಾಸನೆ, ಅದರ ಹಿಂದೆ ಸ್ವಲ್ಪ ಕೊಳೆತ ಮೊಟ್ಟೆ. ವರ್ಷವಿಡೀ ಹೆಚ್ಚು ಜೀವ ತೇದದ್ದು ಆ ತುಂಡಿಗೇ. ರಾತ್ರಿ ನಿದ್ದೆ ಬರಲಿಲ್ಲ.

ಕೇಳಬೇಕಾದದ್ದು ಇಷ್ಟು: ಇಷ್ಟು ಎಳೆಯ ವೈನ್ ನೋಡಿ ಈ ವರ್ಷದ್ದು ಒಳ್ಳೆಯದೋ ಕೆಟ್ಟದ್ದೋ ಹೇಳಲು ಬರುತ್ತದೆಯೇ? ಹೇಳುವವರು ಏನು ನೋಡಿ ಹೇಳುತ್ತಾರೆ? ಎರಡನ್ನೂ ಬೆರೆಸಿ ಮೇಲಿನದರ ಗಡಸು ಕಡಿಮೆ ಮಾಡಿಬಿಡಲೇ?

ಪೀಪಾಯಿಮೂಲೆ

ಬೆರೆಸಬೇಡಿ! ಮೊದಲು ಅದೊಂದು ಮಾತು ಇಟ್ಟುಕೊಳ್ಳಿ. ಬೆರೆಸಿದ್ದನ್ನು ಬಿಡಿಸಲಾಗುವುದಿಲ್ಲ.

ನೆಲಮಾಳಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೊಯ್ಲು ಕಂಡಿದ್ದೇನೆ. ನೀವು ಬರೆದ ಲಕ್ಷಣಗಳಲ್ಲಿ ಅರ್ಧ ವೈನಿನ ಗುಣವೇ ಅಲ್ಲ, ಅದರ ವಯಸ್ಸಿನದು. ನಾಲಿಗೆ ಚುರುಗುಟ್ಟಿದ್ದು ಕರಗಿ ಉಳಿದ ಇಂಗಾಲದ ಡೈಆಕ್ಸೈಡ್. ಹುದುಗುವಿಕೆ ಮುಗಿದರೂ ಅದು ತಿಂಗಳುಗಟ್ಟಲೆ ವೈನಿನೊಳಗೇ ಕೂತಿರುತ್ತದೆ, ಕೂತಷ್ಟು ದಿನ ಹುಳಿಯನ್ನೂ ಒಗರನ್ನೂ ಎರಡನ್ನೂ ಎತ್ತಿ ತೋರಿಸುತ್ತದೆ. ಒಂದು ಸಣ್ಣ ಬಾಟಲಿಗೆ ಅರ್ಧ ತುಂಬಿ, ಬಾಯಿಗೆ ಅಂಗೈ ಒತ್ತಿ ಜೋರಾಗಿ ಅಲ್ಲಾಡಿಸಿ. ಕೈ ತೆಗೆದಾಗ ‘ಫುಸ್’ ಅನ್ನುತ್ತದೆ. ಸದ್ದು ನಿಲ್ಲುವವರೆಗೆ ನಾಲ್ಕೈದು ಸಲ ಹೀಗೆ ಮಾಡಿ, ಹತ್ತು ನಿಮಿಷ ಬಿಟ್ಟು ಕುಡಿಯಿರಿ. ಅದೇ ವೈನ್ ಅನ್ನಿಸುವುದಿಲ್ಲ.

ಮೊಟ್ಟೆ ವಾಸನೆಗೆ ಗಾಬರಿ ಬೇಡ, ಆದರೆ ತಡವೂ ಬೇಡ. ಅದು ಹೈಡ್ರೋಜನ್ ಸಲ್ಫೈಡ್. ಯೀಸ್ಟಿಗೆ ಸಾರಜನಕ ಸಾಲದಿದ್ದಾಗ ಬರುತ್ತದೆ, ದಪ್ಪ ಗಸಿಯ ಮೇಲೆ ಬಹಳ ದಿನ ಬಿಟ್ಟರೂ ಬರುತ್ತದೆ. ಲೋಟದಲ್ಲಿ ಸ್ವಲ್ಪ ವೈನ್ ತೆಗೆದುಕೊಂಡು, ಚೆನ್ನಾಗಿ ಉಜ್ಜಿ ತೊಳೆದ ತಾಮ್ರದ ತುಂಡೊಂದನ್ನು ಹಾಕಿ ತಿರುಗಿಸಿ. ವಾಸನೆ ಹೋಗಿ ಕೆಳಗಿನಿಂದ ಹಣ್ಣು ಎದ್ದು ಬಂದರೆ ಗಸಿ ಬಿಡಿಸಿ, ಗಾಳಿ ತಾಗುವಂತೆ ಬೇರೆ ಪಾತ್ರೆಗೆ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆ ಲೋಟದ್ದನ್ನು ಕುಡಿಯಬೇಡಿ, ಚೆಲ್ಲಿ. ವಾಸನೆ ತಿಂಗಳುಗಟ್ಟಲೆ ಉಳಿದುಬಿಟ್ಟರೆ ಬೇರೆ ಗಂಧಕದ ಸಂಯುಕ್ತಗಳಾಗುತ್ತವೆ. ಅವುಗಳಲ್ಲಿ ಕೆಲವು ಗಾಳಿಗೂ ಬಗ್ಗುವುದಿಲ್ಲ, ತಾಮ್ರಕ್ಕೂ ಬಗ್ಗುವುದಿಲ್ಲ.

ಇನ್ನೂ ಎರಡು ಪ್ರಶ್ನೆ. ಎಷ್ಟು ತಂಪಿನಲ್ಲಿ ಕುಡಿದಿರಿ? 12 ಡಿಗ್ರಿಯಲ್ಲಿ ಕುಡಿದ ಎಳೆ ಕೆಂಪು ವೈನ್ ಯಾವುದಾದರೂ ಕಬ್ಬಿಣದಂತಿರುತ್ತದೆ. 18ಕ್ಕೆ ತಂದು ನೋಡಿ. ಮತ್ತೆ, ಎರಡನೇ ಹುದುಗು, ಮಾಲೋಲ್ಯಾಕ್ಟಿಕ್, ಆಗಿದೆಯೇ?

ಗಾಜಿನಕೊಳವೆ

ಆಗಿರಲಾರದು ಅಂತ ನನ್ನ ಊಹೆ. ಕೊಯ್ಲಿನಲ್ಲಿ 7.6 ಇದ್ದ ಹುಳಿ ಈಗ ಎಷ್ಟಿದೆ ಅಂತ ಅಳೆದು ಹೇಳಿ. ಹೆಚ್ಚು ಇಳಿದಿಲ್ಲ ಅಂದರೆ ಮ್ಯಾಲಿಕ್ ಆಮ್ಲ ಇನ್ನೂ ಹಾಗೇ ಇದೆ. ಹಸಿರು ಸೇಬು ಕಚ್ಚಿದಾಗ ಬರುವ ಆ ಚೂಪು ಹುಳಿ ಅದರದ್ದೇ. ಈನೊಕಾಕಸ್ ಈನಿ ಅನ್ನುವ ಬ್ಯಾಕ್ಟೀರಿಯಾ ಅದನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. 1 ಗ್ರಾಂ ಮ್ಯಾಲಿಕ್ ಹೋದರೆ ಸುಮಾರು 0.67 ಗ್ರಾಂ ಲ್ಯಾಕ್ಟಿಕ್ ಬರುತ್ತದೆ, ಉಳಿದದ್ದು ಅನಿಲವಾಗಿ ಹೋಗುತ್ತದೆ. ಸಾಮಾನ್ಯವಾಗಿ ಒಟ್ಟು ಹುಳಿ ಲೀಟರಿಗೆ 1ರಿಂದ 3 ಗ್ರಾಂ ಇಳಿದು, ಪಿಎಚ್ 0.1ರಿಂದ 0.3 ಏರುತ್ತದೆ. ಅದಕ್ಕೆ ಮುಂಚೆ ಕೆಂಪು ವೈನಿನ ಹುಳಿ ನೋಡಿ ವರ್ಷಕ್ಕೆ ತೀರ್ಪು ಕೊಡುವುದು ಅರ್ಧ ಬೆಂದದ್ದನ್ನು ಬಡಿಸಿ ಅಡುಗೆ ಹೇಗಿದೆ ಅಂತ ಕೇಳಿದ ಹಾಗೆ.

ಪೇಪರ್ ಕ್ರೊಮಟೋಗ್ರಫಿ ಮನೆಯಲ್ಲೇ ಆಗುತ್ತದೆ. ಕಾಗದದ ಕೆಳಗಂಚಿನಲ್ಲಿ ವೈನಿನ ಚುಕ್ಕೆಯಿಟ್ಟು ದ್ರಾವಣದಲ್ಲಿ ನಿಲ್ಲಿಸಿ, ಆಮೇಲೆ ಗಾಳಿಗೆ ನೇತುಹಾಕಿ. ಒಣಗುತ್ತಾ ಕಾಗದ ನೀಲಿ-ಹಸಿರಾಗುತ್ತದೆ, ಆಮ್ಲ ಇರುವ ಜಾಗ ಹಳದಿಯಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಕೆಳಗೆ ಟಾರ್ಟಾರಿಕ್, ನಡುವೆ ಮ್ಯಾಲಿಕ್, ಮೇಲೆ ಲ್ಯಾಕ್ಟಿಕ್. ನಡುವಿನ ಹಳದಿ ಅಳಿಸಿಹೋದ ದಿನ ಕೆಲಸ ಮುಗಿಯಿತು. ಅಲ್ಲಿಯವರೆಗೆ ಗಂಧಕ (ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡ್) ಹಾಕಬೇಡಿ, ಆ ಬ್ಯಾಕ್ಟೀರಿಯಾಕ್ಕೆ ಅದು ಆಗುವುದಿಲ್ಲ. ಕೋಣೆ 18ರಿಂದ 22 ಡಿಗ್ರಿ ಇರಲಿ.

ಮುಗಿದ ಮೇಲೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಪಿಎಚ್ ಏರಿದಂತೆ ಗಂಧಕದ ಬಲ ಕುಗ್ಗುತ್ತದೆ. 3.4ರಲ್ಲಿ ಲೀಟರಿಗೆ ಸುಮಾರು 32 ಮಿಲಿಗ್ರಾಂ ಮುಕ್ತ ಗಂಧಕ ಮಾಡುವ ಕೆಲಸಕ್ಕೆ 3.6ರಲ್ಲಿ 50 ಬೇಕಾಗುತ್ತದೆ.

ನನ್ನ ಚಿಂತೆ ನಿಮ್ಮ ಕೆಳಗಿನ ತುಂಡಿನದು. ಮಳೆ ಬಿದ್ದು ನಾಲ್ಕು ದಿನ ಬಿಟ್ಟು ಕೊಯ್ದಿದ್ದೀರಿ. ಗೊಂಚಲೊಳಗೆ ಬೂದು ಬೂಸ್ಟು ಇತ್ತೇ? ಒಂದು ಕೆಲಸ ಮಾಡಿ. ಎರಡು ಲೋಟ ತೆಗೆದುಕೊಂಡು, ಒಂದೊಂದರಲ್ಲಿ ಒಂದೊಂದು ವೈನ್ ಅರ್ಧದವರೆಗೆ ಹಾಕಿ, ಮೇಲೆ ಕಾಗದ ಸಡಿಲವಾಗಿ ಮುಚ್ಚಿ, ಒಂದು ದಿನ ಮುಟ್ಟದೆ ಇಡಿ. ಆ ಬೂಸ್ಟು, ಬೊಟ್ರೈಟಿಸ್, ತಗುಲಿದ ಹಣ್ಣಿನಿಂದ ಲ್ಯಾಕೇಸ್ ಅನ್ನುವ ಕಿಣ್ವ ಬಂದಿದ್ದರೆ ಬಣ್ಣ ಕಂದಾಗಿ, ಕದಡಿ, ತಳದಲ್ಲಿ ಕಂದು ಮಡ್ಡಿ ಕೂರುತ್ತದೆ.

ಹಳೆಬಾಟಲಿ

ನಾನು ಮಾಡುವವನಲ್ಲ, ವರ್ಷಾನುಗಟ್ಟಲೆ ಕೊಂಡು ಕೂಡಿಟ್ಟವನು. ಲೋಟಕ್ಕಿಂತ ಮೊದಲು ನೀವು ಆ ವರ್ಷದ ದಿನಚರಿ ತೆರೆಯಿರಿ ಅಂತ ಹೇಳಲು ಬಂದೆ. ಫ್ರಾನ್ಸಿನ ವೈನ್ ಪ್ರದೇಶ ಬೋರ್ಡೋದ ಪ್ರಾಧ್ಯಾಪಕ ಡೆನಿ ದ್ಯುಬೂರ್ದಿಯೋ ಒಳ್ಳೆಯ ಕೆಂಪು ವರ್ಷಕ್ಕೆ ಐದು ಲಕ್ಷಣ ಹೇಳುತ್ತಿದ್ದರು. ಹೂವು ಬೇಗ, ಒಟ್ಟಿಗೆ ಅರಳಿ ಕಚ್ಚಬೇಕು. ಕಾಯಿ ಕಚ್ಚುವಾಗ ನೀರಿನ ಕೊರತೆ ಸ್ವಲ್ಪ ಕಾಡಬೇಕು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಬಳ್ಳಿಯ ಚಿಗುರು ನಿಂತಿರಬೇಕು. ಎಲೆಗಳು ಕೊನೆಯವರೆಗೂ ಕೆಲಸ ಮಾಡಿ ಹಣ್ಣು ಪೂರ್ತಿ ಮಾಗಬೇಕು. ಕೊಯ್ಲಿನಲ್ಲಿ ಮಳೆ ನೀರು ತುಂಬಿ ಕೊಳೆಯಬಾರದು. ನೀವು ಬರೆದದ್ದರಲ್ಲೇ ನೋಡಿ, ಕೆಳಗಿನ ತುಂಡು ಕೊನೆಯದರಲ್ಲಿ ಸೋತಿದೆ. ಮೇಲಿನದು ಎಲ್ಲದರಲ್ಲೂ ಗೆದ್ದಿರಬಹುದು.

ಒಂದೇ ತೋಟದಲ್ಲೇ ಹೀಗಿರುವಾಗ ಇಡೀ ಪ್ರದೇಶಕ್ಕೆ ಒಂದೇ ಅಂಕ ಹಾಕುವ ವಿಂಟೇಜ್ (ಕೊಯ್ಲಿನ ವರ್ಷದ) ಪಟ್ಟಿಗಳನ್ನು ನಂಬಿ ಕೊಳ್ಳುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ‘ಬಿಸಿಲು ಚೆನ್ನಾಗಿತ್ತು, ಹಾಗಾಗಿ ವರ್ಷ ಒಳ್ಳೆಯದು’ ಅನ್ನುವ ಲೆಕ್ಕವೂ ಅಷ್ಟೇ. 2003ರಲ್ಲಿ ಯುರೋಪಿನಲ್ಲಿ ಎಂಥ ಬಿಸಿಲು ಅಂದರೆ ಹಣ್ಣಿನ ಹುಳಿ ಬಿದ್ದುಹೋಗಿ, ಸಾಮಾನ್ಯವಾಗಿ ಅವಕಾಶವಿಲ್ಲದ ಪ್ರದೇಶಗಳಲ್ಲೂ ಹುಳಿ ಸೇರಿಸಲು ಯುರೋಪಿಯನ್ ಒಕ್ಕೂಟ ವಿಶೇಷ ಅನುಮತಿ ಕೊಡಬೇಕಾಯಿತು.

ಅವಸರ ಯಾಕೆ ಬೇಡ ಅನ್ನುವುದಕ್ಕೆ ಪೋರ್ಚುಗಲ್ಲಿನ ಸಿಹಿ, ಗಟ್ಟಿ ವೈನ್ ಪೋರ್ಟ್ ಮಾಡುವವರನ್ನು ನೋಡಿ. ಈ ವರ್ಷದ್ದು ಶ್ರೇಷ್ಠ, ‘ವಿಂಟೇಜ್’, ಅಂತ ಘೋಷಿಸಲು ಅವರು ಕೊಯ್ಲಾದ ಎರಡನೇ ವಸಂತದವರೆಗೆ ಕಾಯುತ್ತಾರೆ, ಮನಸ್ಸಿಗೆ ಬರದಿದ್ದರೆ ಘೋಷಿಸುವುದೇ ಇಲ್ಲ. ಬೋರ್ಡೋದಲ್ಲಿ ಮಾತ್ರ ಆರೇಳು ತಿಂಗಳಿಗೇ, ವಸಂತದಲ್ಲಿ, ಪೀಪಾಯಿಯ ಮಾದರಿ ಕುಡಿಸಿ ಮಾರಾಟ ಶುರುಮಾಡುತ್ತಾರೆ. ಆ ವೈನ್ ಬಾಟಲಿಗೆ ಹೋಗಲು ಇನ್ನೂ ಒಂದು ವರ್ಷದ ಮೇಲೆ ಇರುತ್ತದೆ.

ಮೊದಲಗುಟುಕು

ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ ಅನ್ನಿಸಿ ಬರೆಯುತ್ತಿದ್ದೇನೆ. ‘ಈಗ ಗಡಸಾಗಿದೆ, ಅದಕ್ಕೇ ಮುಂದೆ ಚೆನ್ನಾಗುತ್ತದೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1975ರ ಬೋರ್ಡೋ ನೆನಪಿಸಿಕೊಳ್ಳಿ. ಒಗರು ಬಲವಾಗಿದೆ, ದೀರ್ಘಕಾಲ ಬಾಳುತ್ತದೆ ಅಂತ ಜನ ಹೊಗಳಿ ನೆಲಮಾಳಿಗೆಗೆ ಸೇರಿಸಿದರು. ಎಷ್ಟೋ ಬಾಟಲಿಗಳಲ್ಲಿ ಒಗರು ಕರಗುವ ಮೊದಲೇ ಹಣ್ಣು ಬತ್ತಿಹೋಯಿತು. 1982ರದ್ದು ಇದರ ತಿರುಗುಮುರುಗು. ಎಳೆಯದರಲ್ಲೇ ಮೃದು, ತುಂಬಿದ ರುಚಿ. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಇದು ಶ್ರೇಷ್ಠ ಅಂದರು. ಹುಳಿ ಕಡಿಮೆ, ಬಾಳಿಕೆ ಬರುವುದಿಲ್ಲ ಅಂದ ವಿಮರ್ಶಕರೂ ಇದ್ದರು. ಅದರ ಒಳ್ಳೆಯ ಬಾಟಲಿಗಳು ನಾಲ್ಕು ದಶಕ ನಿಂತವು.

ಅಂದರೆ ಗಡಸು ಒಳ್ಳೆಯದರ ಗುರುತಲ್ಲ, ಮೃದುತನ ದೌರ್ಬಲ್ಯದ ಗುರುತೂ ಅಲ್ಲ. ಇನ್ನೊಂದು, ಎಲ್ಲ ವೈನೂ ಹತ್ತು ವರ್ಷ ಕಾಯಬೇಕಿಲ್ಲ. ಫ್ರಾನ್ಸಿನ ಹೊಸ ಕೊಯ್ಲಿನ ವೈನ್ ಬೋಜೋಲೆ ನೂವೋ ನವೆಂಬರಿನ ಮೂರನೇ ಗುರುವಾರ ಹೊರಬರುತ್ತದೆ, ಆಗಲೇ ಚೆನ್ನಾಗಿರುತ್ತದೆ. ಮನೆಯವರಿಗೆ ಇಷ್ಟವಾದ ಕೆಳಗಿನ ತುಂಡಿನ ವೈನನ್ನು ಕೀಳಾಗಿ ನೋಡಬೇಡಿ.

ಪೀಪಾಯಿಮೂಲೆ

ಮೊದಲಗುಟುಕು ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅರ್ಧಕ್ಕೆ ನಿಲ್ಲಿಸಿದ್ದನ್ನು ಅವರು ಎತ್ತಿದರು. ಹಾಗಾದರೆ ಮಾಗುವ ಗಡಸನ್ನೂ ಮಾಗದ ಗಡಸನ್ನೂ ಬೇರೆ ಮಾಡುವುದು ಹೇಗೆ? ನಾನು ಕಲಿತದ್ದನ್ನು ಹೇಳುತ್ತೇನೆ. ಬರಹದಲ್ಲಿ ಎಷ್ಟು ಸಿಗುತ್ತದೋ ನೋಡೋಣ.

ಬೆಳಗ್ಗೆ, ಹೊಟ್ಟೆ ತೀರಾ ತುಂಬಿರದಾಗ, ಬಾಯಿ ಹೊಸದಾಗಿದ್ದಾಗ ಕೂರಿ. ಟುಲಿಪ್ ಆಕಾರದ ಸಣ್ಣ ಲೋಟ ಸಾಕು. 1977ರಲ್ಲಿ ಐಎಸ್‌ಒ 3591 ಅಂತ ಗೊತ್ತುಮಾಡಿದ ಲೋಟ ಸುಮಾರು 215 ಮಿಲಿಲೀಟರಿನದು, ಅದರಲ್ಲಿ 50 ಹಾಕಬೇಕು. ಅನಿಲ ಬಿಡಿಸಿದ ವೈನನ್ನು ಬಾಯಿ ತುಂಬಾ ಆಡಿಸಿ ಉಗುಳಿ. ಉಗುಳಿದ ಮೇಲೆಯೇ ನಿಜವಾದ ಪರೀಕ್ಷೆ ಶುರು.

ಒಗರು ಎಲ್ಲಿ ಕೂತಿತು? ಎಂಥದ್ದು? ಮಾಗಿದ ಸಿಪ್ಪೆಯ ಒಗರು ಬಾಯಿಯೆಲ್ಲ ಹರಡುತ್ತದೆ, ನುಣುಪಾದ ಪುಡಿ ಸವರಿದಂತೆ, ಕೆನ್ನೆಯೊಳಗೆ ದಟ್ಟವಾಗಿ. ಮಾಗದ ಬೀಜದ ಒಗರು ಮುಂದೆ, ಒಸಡಿನ ಮೇಲೆ ಕಚ್ಚುತ್ತದೆ, ಹಿಂದೆಯೇ ಕಹಿ ಎಳೆದು ತರುತ್ತದೆ. ಕುದಿಸಿ ಮರೆತ ಚಹಾದ ಹಾಗೆ. ಈ ಎರಡನೆಯದು ಕಾದರೂ ಪೂರ್ತಿ ಹೋಗುವುದಿಲ್ಲ.

ಆಮೇಲೆ ಸೆಕೆಂಡು ಎಣಿಸಿ. ಉಗುಳಿದ ಮೇಲೆ ಆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಫ್ರೆಂಚರು ಆ ಒಂದೊಂದು ಸೆಕೆಂಡಿಗೂ ‘ಕೊದಾಲಿ’ ಅಂತ ಹೆಸರಿಟ್ಟಿದ್ದಾರೆ. ಒಗರು ಎಷ್ಟು ಹೊತ್ತು ನಿಂತಿತು ಅಂತ ಎಣಿಸಬೇಡಿ, ಹಣ್ಣು ಎಷ್ಟು ಹೊತ್ತು ನಿಂತಿತು ಅಂತ ಎಣಿಸಿ. ಒಗರು ಹಿಂದೆ ಸರಿದ ಮೇಲೂ ಹಣ್ಣು ಮತ್ತೆ ಬಂದು ಬಾಯಲ್ಲಿ ಕೂತರೆ ಆ ವೈನ್ ಕಾಯಲು ಯೋಗ್ಯ. ಹಣ್ಣು ಮೊದಲೇ ಹೋಗಿ ಒಗರೊಂದೇ ಉಳಿದರೆ ಅದೇ 1975ರ ಕಥೆ. ಹೊಸ ವೈನಿನ ಬಗ್ಗೆ ನಾನು ಭರವಸೆಯಿಡುವ ಗುರುತು ಇದೊಂದೇ. ಬಣ್ಣ ಮೋಸ ಮಾಡುತ್ತದೆ. ಹೊಸ ಓಕ್ ಪೀಪಾಯಿಯಲ್ಲಿದ್ದರೆ ಅದರ ವೆನಿಲಾ ಘಮ ಇನ್ನೂ ಮೋಸ ಮಾಡುತ್ತದೆ.

ಎರಡು ಲೋಟದ ನಡುವೆ ನೀರು ಕುಡಿದು ಐದು ನಿಮಿಷ ಬಿಡಿ. ಒಗರು ಲೋಟದಿಂದ ಲೋಟಕ್ಕೆ ಕೂಡುತ್ತಾ ಹೋಗುತ್ತದೆ, ಕೊನೆಯ ಲೋಟಕ್ಕೆ ಯಾವಾಗಲೂ ಅನ್ಯಾಯ.

ಮೂರುಲೋಟ

ಒಂದು ಮಾತು ಸೇರಿಸುತ್ತೇನೆ. ಯಾವುದು ಯಾವುದೆಂದು ಗೊತ್ತಿಟ್ಟುಕೊಂಡು ಕುಡಿಯಬೇಡಿ. ಮೇಲಿನ ತುಂಡಿನ ಮೇಲೆ ನಿಮಗೆ ಪ್ರೀತಿ ಇದೆ ಅಂತ ನಿಮ್ಮ ಬರಹದಲ್ಲೇ ಕಾಣುತ್ತದೆ. ಕಣ್ಣು ಮೂಗನ್ನು ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಬೋರ್ಡೋದ ಪ್ರಯೋಗ ಸಾಕ್ಷಿ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರೆ, ಅಲ್ಲಿದ್ದ 54 ಮಂದಿ ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಅವರೆಲ್ಲ ವೈನ್ ಶಾಸ್ತ್ರದ ವಿದ್ಯಾರ್ಥಿಗಳು.

ಮನೆಯಲ್ಲಿ ಯಾರಾದರೂ ಮೂರು ಲೋಟ ತುಂಬಲಿ, ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆಯದನ್ನು ನೀವು ಆರಿಸಬೇಕು. ಕುರುಡಾಗಿ ಆರಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ, ಹಾಗಾಗಿ ಒಂದು ಸಲಕ್ಕೆ ನಿಲ್ಲಿಸದೆ ಬೇರೆ ಬೇರೆ ದಿನ ಮಾಡಿ. ಅಂಕ ಕೊಡಬೇಡಿ, ಮಾತಿನಲ್ಲಿ ಬರೆದಿಡಿ. ನಾಲ್ಕು ತಿಂಗಳ ನಂತರ ‘13’ ಅನ್ನುವ ಅಂಕಿ ಏನನ್ನೂ ನೆನಪಿಸುವುದಿಲ್ಲ, ‘ಒಸಡಿನ ಮೇಲೆ ಕಚ್ಚಿತು’ ಅನ್ನುವುದು ನೆನಪಿಸುತ್ತದೆ.

ಬಳ್ಳಿಬುಡ

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಹೇಗೆ ಥ್ಯಾಂಕ್ಸ್ ಹೇಳಲಿ. ಎಂಟು ದಿನ ಹೇಳಿದ್ದನ್ನೆಲ್ಲ ಮಾಡಿದೆ.

ನೆಲಮಾಳಿಗೆ 13 ಡಿಗ್ರಿ ಇತ್ತು, ಅಲ್ಲೇ ನಿಂತು ಕುಡಿದಿದ್ದೆ. ಅದು ನನ್ನ ಮೊದಲ ತಪ್ಪು. ತಾಮ್ರ ಹಾಕಿದ ಲೋಟದಲ್ಲಿ ಎರಡು ನಿಮಿಷಕ್ಕೆ ಮೊಟ್ಟೆ ವಾಸನೆ ಹೋಯಿತು, ಕೆಳಗೆ ಕಪ್ಪು ಹಣ್ಣಿನ ಘಮ ಇತ್ತು! ಅವತ್ತೇ ಗಸಿ ಬಿಡಿಸಿ ಇಳಿಸಿದೆ. ಹುಳಿ ಈಗ 7.4, ಪಿಎಚ್ 3.40. ಕಾಗದದ ನಡುವೆ ಹಳದಿ ದೊಡ್ಡದಾಗಿ ಕೂತಿದೆ, ಮೇಲೆ ಸಣ್ಣ ಮಬ್ಬು ಗುರುತು ಅಷ್ಟೆ. ಅಂದರೆ ಎರಡನೇ ಹುದುಗು ಶುರುವೇ ಆಗಿಲ್ಲ. ಟ್ಯಾಂಕನ್ನು ಬೆಚ್ಚಗಿನ ಕೋಣೆಗೆ ಸಾಗಿಸಿದೆ.

ತಂಗಿ ಲೋಟ ತುಂಬಿಕೊಟ್ಟಳು, ನಾನು ಕಣ್ಣು ಮುಚ್ಚಿ ಕೂತೆ. ನಾಲ್ಕು ದಿನವೂ ಬೇರೆಯದನ್ನು ಸರಿಯಾಗಿ ಆರಿಸಿದೆ. ಮೃದುವಾದದ್ದರಲ್ಲಿ ಹಣ್ಣು ಮೂರು ಎಣಿಸುವಷ್ಟರಲ್ಲಿ ಹೋಯಿತು, ಹಿಂದೆ ಏನೂ ಉಳಿಯಲಿಲ್ಲ. ಗಡಸಾದದ್ದರಲ್ಲಿ ಒಗರು ಕೆನ್ನೆಯೆಲ್ಲ ಹಿಡಿದುಕೊಂಡಿತು, ಆರೇಳು ಎಣಿಸುವಾಗ ಸಡಿಲವಾಯಿತು, ಆಮೇಲೆ ಹಣ್ಣು ಬಂತು. ಹನ್ನೊಂದರವರೆಗೆ ಎಣಿಸಿದೆ. ಪೀಪಾಯಿಮೂಲೆ ಸರ್ ಬರೆದದ್ದನ್ನು ಓದಿದ್ದಕ್ಕೆ ಹಾಗನ್ನಿಸಿತೇನೋ ಅಂತ ತಂಗಿಗೆ ಏನೂ ಹೇಳದೆ ಎಣಿಸಲು ಕೊಟ್ಟೆ. ಅವಳು ಒಂಬತ್ತು ಅಂದಳು.

ಹಿಂಡಿದ ವೈನ್ ಒಂದು ಗುಟುಕೂ ಹಿಡಿಸಲಿಲ್ಲ, ದಪ್ಪ, ಕಹಿ.

ತೆರೆದಿಟ್ಟ ಲೋಟದ ವಿಷಯ ಬರೆಯಲು ಕಷ್ಟವಾಗುತ್ತದೆ. ಮೇಲಿನ ತುಂಡಿನದು ಮರುದಿನವೂ ಹಾಗೇ ಕೆನ್ನೀಲಿ. ಕೆಳಗಿನದರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ, ದೀಪಕ್ಕೆ ಹಿಡಿದರೆ ಮಬ್ಬು, ತಳದಲ್ಲಿ ಕಂದು ಪುಡಿ. ಕೊಯ್ಲಿನ ದಿನ ಗೊಂಚಲು ಬಿಡಿಸಿ ನೋಡದೆ ಹಾಕಿದ್ದೆ.

ಗಾಜಿನಕೊಳವೆ

ಬೇಸರ ಮಾಡಿಕೊಳ್ಳಬೇಡಿ, ಮೊದಲ ವರ್ಷದಲ್ಲೇ ಇದನ್ನು ಕಂಡುಹಿಡಿದಿರಿ. ಗಂಧಕ ಲ್ಯಾಕೇಸನ್ನು ಪೂರ್ತಿ ತಡೆಯಲಾರದು, ಗಾಳಿಯನ್ನು ದೂರವಿಡುವುದೇ ದಾರಿ. ಪಾತ್ರೆ ಕಂಠದವರೆಗೆ ತುಂಬಿರಲಿ, ಇಳಿಸುವಾಗ ಕೊಳವೆ ತಳದಲ್ಲಿರಲಿ. ಅದು ಕಾಯುವ ವೈನ್ ಅಲ್ಲ, ಬೇಗ ಕುಡಿದು ಮುಗಿಸಿ. ಮೇಲಿನದಕ್ಕೆ ಅದರ ಒಂದು ಹನಿಯೂ ತಾಗದಿರಲಿ. ಕೊಳವೆಯನ್ನೂ ತೊಳೆದೇ ಬಳಸಿ.

ಮೊದಲಗುಟುಕು

ಹತ್ತನೇ ವಾರಕ್ಕೆ ಮನೆಯವರಿಗೆ ಇಷ್ಟವಾದದ್ದು ಸುಳ್ಳಾಗಲಿಲ್ಲ, ಈಗಲೇ ಕುಡಿಯಲು ಅದೇ ಒಳ್ಳೆಯದು. ಬಾಳಿಕೆಯ ವಿಷಯದಲ್ಲಿ ನಾನು ಅದರ ಪರ ಮಾತಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತೆರೆದಿಟ್ಟ ಲೋಟದ ಪರೀಕ್ಷೆ ನನಗೆ ಗೊತ್ತಿರಲಿಲ್ಲ.

ಬಳ್ಳಿಬುಡ (ನಾಲ್ಕೂವರೆ ತಿಂಗಳ ನಂತರ)

ಮುಂದೇನಾಯ್ತು ಅಂತ ತಿಳಿಸುತ್ತೇನೆ ಅಂದುಕೊಂಡಿದ್ದೆ, ಇವತ್ತು ಬರೆಯುತ್ತಿದ್ದೇನೆ.

ಬೆಚ್ಚಗಿನ ಕೋಣೆಗೆ ಸಾಗಿಸಿದ ಏಳನೇ ವಾರ ಕಾಗದದ ನಡುವಿನ ಹಳದಿ ಪೂರ್ತಿ ಹೋಯಿತು. ಹುಳಿ 5.9, ಪಿಎಚ್ 3.54. ಮರುದಿನವೇ ಗಂಧಕ ಹಾಕಿ ಮತ್ತೆ ತಂಪಿಗೆ ಸಾಗಿಸಿದೆ. ಅದಾದ ಮೊದಲ ಮೂರು ವಾರ ವೈನ್ ಮಂಕಾಗಿ ಕೂತಿತ್ತು, ಬಣ್ಣವೂ ಪೇಲವ. ಮತ್ತೆ ಹೆದರಿಕೆಯಾಯಿತು. ಪೀಪಾಯಿಮೂಲೆ ಸರ್‌ಗೆ ಖಾಸಗಿಯಾಗಿ ಬರೆದೆ. ಗಂಧಕ ಬಣ್ಣವನ್ನು ಸ್ವಲ್ಪ ಕಾಲ ತೊಳೆದಂತೆ ಮಾಡುತ್ತದೆ, ಮುಟ್ಟದೆ ಬಿಡಿ ಅಂದರು. ಬಿಟ್ಟೆ. ಬಣ್ಣ ತಾನಾಗಿ ತಿರುಗಿ ಬಂತು.

ಈಗ ಮೇಲಿನ ತುಂಡಿನದರಲ್ಲಿ ಹುಳಿ ಹಲ್ಲಿಗೆ ತಾಗುವುದಿಲ್ಲ, ನಾಲಿಗೆಯ ಪಕ್ಕದಲ್ಲಿ ನೀರೂರಿಸುತ್ತದೆ. ಒಗರು ಇನ್ನೂ ಇದೆ, ಬಲವಾಗಿಯೇ ಇದೆ. ಆದರೆ ಕಚ್ಚುವುದಿಲ್ಲ. ಮೊದಲ ಬರಹದಲ್ಲಿ ಬರೆದ ‘ಒಸಡು ಬಿಗಿದುಕೊಳ್ಳುತ್ತದೆ’ ಅನ್ನುವುದನ್ನು ಈಗ ಬರೆಯಲಾರೆ. ಹಣ್ಣು ಹದಿನಾಲ್ಕು ಎಣಿಸುವವರೆಗೆ ನಿಂತಿತು.

ಕೆಳಗಿನ ತುಂಡಿನದನ್ನು ಕಂಠದವರೆಗೆ ತುಂಬಿಸಿಟ್ಟು ಕುಡಿಯುತ್ತಾ ಬಂದೆವು. ಘಮ ಮೂರನೇ ತಿಂಗಳವರೆಗೆ ಚೆನ್ನಾಗಿತ್ತು. ಈಗ ಇಳಿದಿದೆ, ನೀರಾಗಿದೆ.

ನನಗೆ ಅಚ್ಚರಿ ಕೊಟ್ಟದ್ದು ಹಿಂಡಿದ ವೈನ್. ಅದು ಮೇಲಿನ ತುಂಡಿನ ಸಿಪ್ಪೆಯದಷ್ಟೇ. ಕೆಳಗಿನದನ್ನು ಹಿಂಡಿರಲಿಲ್ಲ, ಅದೊಂದು ಪುಣ್ಯ. ಒಂಟಿಯಾಗಿ ಈಗಲೂ ಕುಡಿಯಲಾಗುವುದಿಲ್ಲ. ಅಳತೆಯ ಗಾಜಿನಲ್ಲಿ ಮೇಲಿನದು 97ಕ್ಕೆ ಹಿಂಡಿದ್ದು 3, 94ಕ್ಕೆ 6, 90ಕ್ಕೆ 10 ಹೀಗೆ ಬೆರೆಸಿ, ತಂಗಿಯಿಂದ ಲೋಟ ಅದಲುಬದಲು ಮಾಡಿಸಿ ಕುಡಿದೆ. 3ರಲ್ಲಿ ವ್ಯತ್ಯಾಸವೇ ಸಿಗಲಿಲ್ಲ. 10ರಲ್ಲಿ ಕಹಿ ಬಂತು. 6ರಲ್ಲಿ ಬಾಯಿಯ ನಡುಭಾಗ ತುಂಬಿಕೊಂಡಿತು, ಮೊದಲು ಅಲ್ಲಿ ಸಣ್ಣ ಹಳ್ಳ ಇತ್ತು ಅಂತ ಆಗಲೇ ಗೊತ್ತಾಗಿದ್ದು. ಮೂರು ಬೆಳಗ್ಗೆ ಮೂರು ಸಲವೂ ಅದೇ ಲೋಟವನ್ನು ಆರಿಸಿದೆ.

ನಿನ್ನೆ ಅದೇ ಅಳತೆಯಲ್ಲಿ ಬೆರೆಸಿ 225 ಲೀಟರಿನ ಒಂದು ಹಳೆಯ ಪೀಪಾಯಿ ತುಂಬಿಸಿದೆ. ಮುಚ್ಚಳದ ಪಕ್ಕ ಸೀಮೆಸುಣ್ಣದಲ್ಲಿ ತಾರೀಕು, 94/6, ಪಿಎಚ್ ಬರೆದಿದ್ದೇನೆ. ವಾರಕ್ಕೊಮ್ಮೆ ಕಂಠ ತುಂಬಿಸಬೇಕು. ಮುಂದಿನ ರುಚಿ ನೋಡುವುದು ಎರಡು ತಿಂಗಳಿಗೆ, 18 ಡಿಗ್ರಿಗೆ ತಂದ ಮೇಲೆ.